ಟ್ರಂಕ್ ಬೋರ್ಡ್ ಬಿಟ್ಟ ಮೇಲೆ ಕಿವಿಗೆ ಬಿದ್ದದ್ದು

ಟೆಲಿಫೋನ್ ಆಪರೇಟರ್ ಆಗಿದ್ದವರಿಗೆ ನಿವೃತ್ತಿ ಸಿಕ್ಕಬಹುದು, ಅವರ ಕಿವಿಗೆ ಸಿಕ್ಕುವುದಿಲ್ಲ. ನಾನು ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಸುಮ್ಮನೆ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರೂ ಯಾರದೋ ಒಂದು ಅವಾಂತರ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಮೂವತ್ತಮೂರು ವರ್ಷ ಎಕ್ಸ್‌ಚೇಂಜಿನ ಟ್ರಂಕ್ ಬೋರ್ಡಿನ ಮುಂದೆ ಕೂತು ಈ ಊರಿನವರ ಬಾಯನ್ನು ಆ ಊರಿನವರ ಕಿವಿಗೆ ಜೋಡಿಸಿದವಳು ನಾನು. ಆಗಿನ ಜನ ಮೂರು ನಿಮಿಷದಲ್ಲಿ ಹುಟ್ಟು, ಮದುವೆ, ಸಾವು ಮೂರನ್ನೂ ಹೇಳಿ ಮುಗಿಸಿ, ಉಳಿದ ಹತ್ತು ಸೆಕೆಂಡಿನಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಯಾರ ಕೈಲಿ ಕಳಿಸಿದ್ದೇವೆ ಅನ್ನುವುದನ್ನೂ ತಿಳಿಸುತ್ತಿದ್ದರು. ಈಗ ನಮ್ಮ ಸ್ಟೇಷನ್ ಹತ್ತಿರದ ತರಕಾರಿ ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲಿ ಬದನೆಕಾಯಿಯ ಬಣ್ಣ ವರ್ಣಿಸುವುದಕ್ಕೆ ಹತ್ತು ನಿಮಿಷ ಸಾಲುವುದಿಲ್ಲ. ಕೆಲಸಕ್ಕೆ ಸೇರಿದಾಗ ಊರು ಮದ್ರಾಸ್, ಬಿಡುವ ಹೊತ್ತಿಗೆ ಚೆನ್ನೈ. ಹೆಸರು ಬದಲಾಯಿಸಿಕೊಂಡರೆ ಬುದ್ಧಿಯೂ ಬದಲಾಗುತ್ತದೆ ಎಂದು ಕಾದೆ. ಇನ್ನೂ ಕಾಯುತ್ತಿದ್ದೇನೆ.

ಯಾರೂ ತುಂಬಲಾರದ ಜಾಗ

ತೊಂಬತ್ತರ ದಶಕದ ಕೊನೆಗೆ ನಾನು ನಿವೃತ್ತಳಾದೆ. ಬೀಳ್ಕೊಡುಗೆಗೆ ಹಾರ, ಶಾಲು, ಒಂದು ಗೋಡೆ ಗಡಿಯಾರ. ಮೂವತ್ತಮೂರು ವರ್ಷ ಗಡಿಯಾರ ನೋಡಿ ನೋಡಿ ದುಡಿದವರಿಗೆ, ಹೊತ್ತು ಹೋಗದ ಕಾಲ ಶುರುವಾಗುವ ದಿನವೇ ಗಡಿಯಾರ ಕೊಡುವ ಪದ್ಧತಿಯನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ.

ನಮ್ಮ ದೊಡ್ಡ ಅಧಿಕಾರಿ ಭಾಷಣ ಮಾಡಿದರು. ಹನ್ನೊಂದು ವರ್ಷ ಒಂದೇ ಕಟ್ಟಡದಲ್ಲಿದ್ದರೂ ಅವರಿಗೆ ನನ್ನ ಮುಖ ಪರಿಚಯವಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಆಪರೇಟರನ್ನೇ ನೋಡಿಕೊಂಡು ನನ್ನನ್ನು ಹೊಗಳಿದರು. ಆದರೂ ಕೊನೆಯ ಮಾತು ಚೆನ್ನಾಗಿತ್ತು.

"ಇವರ ಜಾಗವನ್ನು ಇನ್ನು ಯಾರೂ ತುಂಬಲಾರರು" ಅಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿ ಬಂತು. ಮನೆಗೆ ಬಂದು ನಮ್ಮ ಮನೆಯವರ ಹತ್ತಿರ ನಾಲ್ಕು ಸಲ ಹೇಳಿಕೊಂಡೆ. ಅವರು ಗಿಂಡಿಯ ಒಂದು ಕಾರ್ಖಾನೆಯಲ್ಲಿ ಡ್ರಾಯಿಂಗ್ ವಿಭಾಗದಲ್ಲಿದ್ದು ನನಗಿಂತ ಎರಡು ವರ್ಷ ಮೊದಲೇ ಮನೆಗೆ ಬಂದವರು. "ನನಗೂ ಅದನ್ನೇ ಅಂದಿದ್ದರು" ಎಂದು ಹೇಳಿ ಪೇಪರು ತಿರುಗಿಸಿದರು.

ವಾರದ ಮೇಲೆ ಪಿಂಚಣಿ ಕಾಗದಕ್ಕೆ ಸಹಿ ಹಾಕಲು ಹೋದೆ. ನನ್ನ ಬೋರ್ಡಿನ ಜಾಗಕ್ಕೆ ಯಾರು ಬಂದರು ನೋಡೋಣ ಎಂದು ಒಳಗೆ ಇಣುಕಿದೆ. ಬೋರ್ಡೇ ಇರಲಿಲ್ಲ. ಆ ಹುದ್ದೆಯನ್ನೇ ರದ್ದು ಮಾಡಿ ಬೋರ್ಡನ್ನು ಬಿಚ್ಚಿ ಹಾಕಿದ್ದರು. ಆ ಜಾಗದಲ್ಲಿ ಒಂದು ವಾಟರ್ ಕೂಲರ್ ನಿಂತಿತ್ತು. ಅಧಿಕಾರಿಗಳು ಸತ್ಯವನ್ನೇ ನುಡಿದಿದ್ದರು. ಆ ಕೂಲರ್ ಕೂಡ ತುಂಬಿರಲಿಲ್ಲ, ಅದರಲ್ಲಿ ನೀರೇ ಬರುತ್ತಿರಲಿಲ್ಲ.

ಹೋಗಿಬಿಟ್ಟವರು

ನಮ್ಮ ಬಿಲ್ಡಿಂಗಿನಲ್ಲಿ ಎಂಟು ಮನೆ. ಇಲಾಖೆಯವಳು ಅಂತ ನನಗೊಂದು ಫೋನ್ ಕೊಟ್ಟಿದ್ದರು. ಅದನ್ನು ಬಿಟ್ಟರೆ ಬಹಳ ಕಾಲ ಫೋನ್ ಇದ್ದದ್ದು ಕೆಳಮನೆಯ ಮಾಮಿಗೆ ಮಾತ್ರ. ಅವರು ನಮ್ಮ ಕಡೆಯವರೇ, ಕನ್ನಡದವರೇ, ಆದರೆ ಇಡೀ ಬೀದಿಗೆ ಮಾಮಿ. ನಾನು ಶಿಫ್ಟಿನಲ್ಲಿ ಹೋಗಿಬಿಡುತ್ತಿದ್ದೆನಾದ್ದರಿಂದ ಎಲ್ಲರೂ ತಮ್ಮ ಲೆಟರ್‌ಹೆಡ್ಡಿನಲ್ಲಿ, ಮದುವೆಯ ಜಾತಕದ ಹಾಳೆಯಲ್ಲಿ, ಮಾಮಿಯ ನಂಬರನ್ನೇ ಬರೆದು, ಬೇರೆಯವರ ಮನೆಯ ಫೋನ್ ಅನ್ನುವ ಗುರುತಿಗೆ ಪಕ್ಕದಲ್ಲಿ "ಪಿಪಿ" ಎಂದು ಹಾಕುತ್ತಿದ್ದರು. ಫೋನ್ ಬಂದರೆ ಮಾಮಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು. ಕೂಗುವ ಮೊದಲು ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡಿರುತ್ತಿದ್ದರು. ಆದ್ದರಿಂದ ನಾವು ಓಡಿಹೋಗಿ ಫೋನ್ ಎತ್ತಿ "ಹಲೋ" ಅನ್ನುವಷ್ಟರಲ್ಲಿ ಅವರೇ ಪಕ್ಕದಿಂದ, "ಅವರ ಅತ್ತಿಗೆಗೆ ಹೆರಿಗೆ ಆಯ್ತಂತೆ, ಹೆಣ್ಣು" ಅಂದುಬಿಡುತ್ತಿದ್ದರು.

ತೊಂಬತ್ತೆಂಟೋ ತೊಂಬತ್ತೊಂಬತ್ತೋ, ಕೇಳಿದವರಿಗೆಲ್ಲ ಫೋನ್ ಸಿಕ್ಕುವ ಕಾಲ ಬಂತು. ಎರಡನೆಯ ಮಹಡಿಯವರು ಮಾಮಿಗೆ ಒಂದು ಮಾತೂ ಹೇಳದೆ ಮೊದಲು ಹಾಕಿಸಿಕೊಂಡರು. ಅವರದು ಮದುವೆಗೆ ಬಂದ ಮಗಳಿದ್ದ ಮನೆ. ಮೂರು ವರ್ಷದಿಂದ ಹುಡುಕಿ ಬೇಸತ್ತಿದ್ದರು. ಹುಡುಗಿಯ ತಂದೆ ಯಾರ ಮನೆಯ ಗಂಟೆ ಹೊಡೆದರೂ ತಮ್ಮ ಫೋನೇ ಅಂತ ಏಳುವ ಸ್ಥಿತಿಗೆ ಬಂದಿದ್ದರು. ಮಾಮಿಗೆ ಸಿಟ್ಟು ಬಂತು. ಅಷ್ಟು ಹೆರಿಗೆ, ಅಷ್ಟು ಸಾವು ಸಾರಿದ ಬಾಯಿಗೆ ಈಗ ಕೆಲಸವಿಲ್ಲ.

ಅಷ್ಟರಲ್ಲಿ ಒಂದು ಗಂಡಿನ ಕಡೆಯವರು ಹಳೆಯ ಜಾತಕದ ಹಾಳೆ ನೋಡಿ ಮಾಮಿಯ ನಂಬರಿಗೇ ಫೋನ್ ಮಾಡಿದರು. ಹುಡುಗಿಯ ತಂದೆಯ ಹೆಸರು ಹೇಳಿ, ಇದ್ದಾರಾ ಎಂದು ಕೇಳಿದರು.

"ಇಲ್ಲ. ಅವರು ಹೋಗಿ ಒಂದು ತಿಂಗಳಾಯ್ತು" ಅಂದರು ಮಾಮಿ. ತಮ್ಮ ಫೋನನ್ನು ಬಿಟ್ಟು ಹೋಗಿ ಅನ್ನುವುದು ಅವರ ಅರ್ಥ.

"ಅಯ್ಯೋ, ಹೇಗಾಯ್ತು?"

"ಹೇಗೆ ಏನು ಬಂತು, ಯಾರಿಗೂ ಒಂದು ಮಾತು ಹೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆಗಿಹೋಗಿತ್ತು" ಅಂತ ಹೇಳಿ ಮಾಮಿ ಫೋನ್ ಇಟ್ಟರು.

ಮರುದಿನ ಸಂಜೆ ಗಂಡಿನ ಸೋದರಮಾವ ಗಿಂಡಿಯಿಂದ ಬಂದರು. ಮುಖ ಸಣ್ಣ ಮಾಡಿಕೊಂಡು ಎರಡನೆಯ ಮಹಡಿಯ ಬಾಗಿಲು ತಟ್ಟಿದರು. ಬನಿಯನ್ ಹಾಕಿಕೊಂಡ ಒಬ್ಬರು ಕೈಯಲ್ಲಿ ಅರ್ಧ ಬಜ್ಜಿ ಹಿಡಿದು ಬಾಗಿಲು ತೆಗೆದರು.

"ವಿಷಯ ತಿಳಿದು ತುಂಬಾ ಬೇಜಾರಾಯ್ತು. ಹಿರಿಯರು ಹೀಗೆ ಹೋಗಬಾರದಿತ್ತು" ಅಂದರು ಸೋದರಮಾವ.

"ಯಾರು, ನಮ್ಮ ತಂದೆಯವರಾ? ಅವರು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ."

"ಅಲ್ಲ, ಹುಡುಗಿಯ ತಂದೆ."

"ಹುಡುಗಿಯ ತಂದೆ ನಾನೇ" ಅಂದರು ಇವರು, ಬಜ್ಜಿ ನುಂಗಿ.

ಹೆಣ ನೋಡಲು ಬಂದವರಿಗೆ ಬಜ್ಜಿ ಕಾಫಿ ಕೊಟ್ಟರು. ಕೊಟ್ಟವಳು ಹುಡುಗಿ. ಸೋದರಮಾವನಿಗೆ ಬಜ್ಜಿಯೂ ಹಿಡಿಸಿತು, ಹುಡುಗಿಯೂ ಹಿಡಿಸಿದಳು. ಎರಡು ತಿಂಗಳಲ್ಲಿ ಮದುವೆ ಆಗಿಹೋಯಿತು. ಮಾಮಿ ಇವತ್ತಿಗೂ ಎಲ್ಲರ ಹತ್ತಿರ ಹೇಳುತ್ತಾರೆ, "ಆ ಮದುವೆ ಕೂಡಿಸಿದ್ದು ನನ್ನ ಫೋನು. ಅವರದೇ ಫೋನಿಗೆ ಮಾಡಿದ್ದರೆ ಅವರು ಬದುಕಿದ್ದಾರೆ ಅಂತ ಗೊತ್ತಾಗಿ ಯಾರೂ ಬರ್ತಾ ಇರಲಿಲ್ಲ."

ಡಯಲ್ ಫೋನಿನ ದೂರು

ನಮ್ಮ ಮನೆಯ ಫೋನ್ ಹಳೆಯ ಕಪ್ಪು ಡಯಲಿನದು. ಎತ್ತಿ ಎಸೆದರೆ ಕಳ್ಳ ಸಾಯುವಷ್ಟು ಭಾರ. ಅದರ ಡಯಲ್ ಒಂದು ದಿನ ಮೊಂಡು ಹಿಡಿಯಿತು. ಏಳು ತಿರುಗಿಸಿದರೆ ಎಂಟಕ್ಕೆ ಹೋಗುತ್ತಿತ್ತು. ದೇವರ ದಯೆಯಿಂದ ದೂರಿನ ನಂಬರಿನಲ್ಲಿ ಏಳು ಇರಲಿಲ್ಲ. ಅದಕ್ಕೆ ಮಾಡಿದೆ. ಜೇನು ಸುರಿದಂಥ ಒಂದು ರೆಕಾರ್ಡಾದ ದನಿ, ತಮಿಳಿಗೆ ಒಂದನ್ನು ಒತ್ತಿ, ಇಂಗ್ಲಿಷಿಗೆ ಎರಡನ್ನು ಒತ್ತಿ ಎಂದಿತು.

ಒತ್ತುವುದಕ್ಕೆ ನಮ್ಮ ಫೋನಿನಲ್ಲಿ ಗುಂಡಿ ಎಲ್ಲಿ? ಒಂದರ ತೂತಿನಲ್ಲಿ ಬೆರಳಿಟ್ಟು ತಿರುಗಿಸಿದೆ. "ತಾವು ಏನನ್ನೂ ಒತ್ತಿಲ್ಲ" ಎಂದಿತು. ತಿರುಗಿಸದೆ ಬರೀ ಒತ್ತಿದೆ. ಉಗುರು ನೋವು ಬಂತೇ ಹೊರತು ಪ್ರಯೋಜನವಾಗಲಿಲ್ಲ. ನನಗೂ ಅಭಿಮಾನ ಕೆರಳಿತು. "ನೋಡಮ್ಮ, ನಾನೂ ಆಪರೇಟರಾಗಿದ್ದವಳೇ. ನೀನು ಯಾವ ಬ್ಯಾಚು? ನಿನ್ನ ಸೂಪರ್‌ವೈಸರನ್ನ ಕರಿ" ಅಂದೆ. ಕರೆ ಮಾಡಿದ್ದಕ್ಕೆ ಧನ್ಯವಾದ ಹೇಳಿ ಅದು ಇಟ್ಟುಬಿಟ್ಟಿತು. ನಮ್ಮ ಕಾಲದಲ್ಲಿ ನಾವು ಜನರನ್ನು ಬೈದು ಇಡುತ್ತಿದ್ದೆವು. ಆದರೆ ಕೆಲಸ ಮಾಡಿಕೊಟ್ಟು ಬೈಯುತ್ತಿದ್ದೆವು.

ಮರುದಿನ ಆಫೀಸಿಗೇ ಹೋದೆ. ಕೌಂಟರಿನಲ್ಲಿದ್ದವನು ಮರ್ಯಾದೆಯಿಂದಲೇ ಕೇಳಿಸಿಕೊಂಡ.

"ಮೇಡಂ, ಡಯಲ್ ಫೋನಿನ ದೂರು ಕೊಡೋದಕ್ಕೆ ಬಟನ್ ಫೋನ್ ಬೇಕು."

"ಬಟನ್ ಫೋನ್ ಇದ್ದರೆ ನಾನು ಡಯಲ್ ಕೆಟ್ಟಿದೆ ಅಂತ ಯಾಕಪ್ಪ ದೂರು ಕೊಡ್ತೀನಿ?"

ಅವನ ಮುಖ ಅರಳಿತು. "ಅದೇ ನೋಡಿ ಮೇಡಂ, ಈ ಹೊಸ ವ್ಯವಸ್ಥೆ ಬಂದ ಮೇಲೆ ಡಯಲ್ ಫೋನ್ ಕೆಟ್ಟಿದೆ ಅಂತ ಒಂದೇ ಒಂದು ದೂರು ಬಂದಿಲ್ಲ."

ಒಂದು ರಿಂಗ್, ಎರಡು ರಿಂಗ್

ಮುಂದೆ ನಮ್ಮ ಮನೆಯವರು ಮೊಬೈಲ್ ತಗೊಂಡರು. ಬಂದ ಕರೆ ಎತ್ತಿದರೂ ಚಾರ್ಜು ಬೀಳುತ್ತಿದ್ದ ಕಾಲ ಅದು. ಹೀಗಾಗಿ ಮಾಡುವುದೂ ಇಲ್ಲ, ಎತ್ತುವುದೂ ಇಲ್ಲ, ಜೇಬಿನಲ್ಲಿ ಇಟ್ಟುಕೊಂಡು ಎದೆ ಮುಂದೆ ಮಾಡಿ ನಡೆಯುವುದು ಮಾತ್ರ. ಏನಾದರೂ ತಿಳಿಸಬೇಕಾದರೆ ಮಿಸ್ಡ್ ಕಾಲ್. ಡ್ರಾಯಿಂಗ್ ವಿಭಾಗದವರಲ್ಲವೇ, ಒಂದು ದಪ್ಪ ಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ಪಟ್ಟಿ ಮಾಡಿ ಮನೆಯ ಫೋನಿನ ಮೇಲುಗಡೆ ಗೋಡೆಗೆ ಅಂಟಿಸಿದರು. ಒಂದು ರಿಂಗ್ ಆದರೆ "ತಲುಪಿದೆ". ಎರಡಾದರೆ "ಹೊರಟೆ". ಮೂರಾದರೆ "ತಡವಾಗುತ್ತೆ, ನೀನು ಊಟ ಮಾಡಿಬಿಡು".

ಒಂದು ದಿನ, ಮೇ ತಿಂಗಳು, ಹನ್ನೊಂದು ಗಂಟೆ ಬಿಸಿಲು. "ಮೊಟ್ಟೈಮಾಡಿಗೆ ಹೋಗಿ ಟ್ಯಾಂಕ್ ನೋಡಿ ಬರ್ತೀನಿ" ಎಂದು ಮೇಲೆ ಹೋದರು. ಮೇಲಿನ ಬಯಲು ತಾರಸಿಗೆ ಇಲ್ಲಿ ನಾವೂ ತಮಿಳರ ಹಾಗೆ ಮೊಟ್ಟೈಮಾಡಿ ಎಂದೇ ಅನ್ನುವುದು. ಇವರು ಟ್ಯಾಂಕಿನ ಹಿಂದೆ ಬಗ್ಗಿದ್ದಾಗ ಕೆಳಮನೆ ಮಾಮಿ ಬಂದು, ಸಂಡಿಗೆ ಹರವಿ, ಇವರನ್ನು ನೋಡದೆ ಬಾಗಿಲಿಗೆ ಆಚೆಯಿಂದ ಚಿಲಕ ಹಾಕಿಕೊಂಡು ಇಳಿದುಹೋದರು.

ಕೆಳಗೆ ನಮ್ಮ ಫೋನ್ ಒಂದು ರಿಂಗ್ ಆಗಿ ನಿಂತಿತು. ಪಟ್ಟಿ ನೋಡಿದೆ. ತಲುಪಿದೆ. ಮೂವತ್ತು ಮೆಟ್ಟಿಲು ಹತ್ತಿದ್ದಕ್ಕೂ ತಿಳಿಸಬೇಕಾ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಎರಡು ರಿಂಗ್. ಹೊರಟೆ. ಸರಿ, ಬರ್ತಾರೆ ಅಂತ ತಟ್ಟೆ ಹಾಕಿದೆ. ಬರಲಿಲ್ಲ. ಆಮೇಲೆ ಮೂರು ರಿಂಗ್. ತಡವಾಗುತ್ತೆ, ಊಟ ಮಾಡಿಬಿಡು. ಗಂಡನ ಮಾತು ಮೀರಬಾರದು ಅಂತ ಕೂತು ಊಟ ಮಾಡಿದೆ. ಅನುಮಾನ ಬಂದದ್ದು ಮಜ್ಜಿಗೆ ಅನ್ನದ ಹೊತ್ತಿಗೆ. ಟ್ಯಾಂಕ್ ನೋಡೋದಕ್ಕೆ ಇಷ್ಟು ಹೊತ್ತಾ ಅಂತ ಅವರ ಮೊಬೈಲಿಗೆ ಮಾಡಿದೆ. ಕಟ್ ಮಾಡಿದರು. ಇನ್ನೊಂದು ಸಲ ಮಾಡಿದೆ. ಕಟ್. ಯಾರದೋ ಜೊತೆ ಹರಟೆ ಹೊಡೀತಿದ್ದಾರೆ ಅಂತ ಪಾತ್ರೆ ತೊಳೆಯಲು ಹೋದೆ.

ಒಂದೂವರೆ ಗಂಟೆಯ ಮೇಲೆ ಮಾಮಿ ಸಂಡಿಗೆ ಮಗುಚಲು ಹೋದವರು ಚೀರಿದ್ದು ಕೇಳಿ ನಾನೂ ಹತ್ತಿದೆ. ಸಂಡಿಗೆಯ ಪಕ್ಕದಲ್ಲಿ, ತಲೆಯ ಮೇಲೆ ಒದ್ದೆ ಪಂಚೆ ಹಾಕಿಕೊಂಡು, ನಮ್ಮ ಮನೆಯವರೂ ಒಣಗುತ್ತಿದ್ದರು. ಮುಖ ಕೆಂಪಾಗಿ ಊದಿತ್ತು. ನನಗೆ ನಿಜವಾಗಿಯೂ ಗಾಬರಿಯಾಯಿತು. ಕೆಳಗೆ ಕರೆತಂದು ಫ್ಯಾನ್ ಹಾಕಿ ಎರಡು ಲೋಟ ನೀರುಮಜ್ಜಿಗೆ ಕುಡಿಸಿದ ಮೇಲೆ ಕೇಳಿದೆ.

"ಕೂಗಬಾರದಿತ್ತಾ?"

"ಕೂಗಿದೆ. ಎಂಟು ಮನೇಲೂ ಸೀರಿಯಲ್ಲು. ಯಾವಳೋ ಜೋರಾಗಿ ಅಳ್ತಿದ್ದಳು, ನನ್ನ ಕೂಗು ಅದರಲ್ಲೇ ಸೇರಿಹೋಯ್ತು."

"ನಾನು ಫೋನ್ ಮಾಡಿದಾಗ ಎತ್ತಬಾರದಿತ್ತಾ?"

"ಇನ್‌ಕಮಿಂಗಿಗೂ ಚಾರ್ಜು."

"ಪ್ರಾಣ ಹೋಗಿದ್ದರೆ?"

ಸಂಜೆ ನೋಡುತ್ತೇನೆ, ಸ್ಕೇಲು ಪೆನ್ಸಿಲ್ ಹಿಡಿದು ಗೋಡೆಯ ಹತ್ತಿರ ನಿಂತಿದ್ದಾರೆ. ಪಟ್ಟಿಯಲ್ಲಿ ಹೊಸ ಗೆರೆ ಎಳೆದು, ಅಂದವಾದ ಅಕ್ಷರದಲ್ಲಿ ಬರೆದಿದ್ದರು: "ನಾಲ್ಕು ರಿಂಗ್: ಮೊಟ್ಟೈಮಾಡಿ ಬಾಗಿಲು ತೆಗೆ".

ಶುದ್ಧ ಕನ್ನಡ

ನಮ್ಮ ಮೊಮ್ಮಗಳು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಇದು ನಮ್ಮ ಮನೆಯವರಿಗೆ ಸಂಕಟ. ಮನೆಯೊಳಗೆ ಕನ್ನಡವೇ ಆಡಬೇಕು ಅಂತ ಆಗಾಗ ಕಾನೂನು ಮಾಡುತ್ತಾರೆ. ಕಾನೂನು ಮಾಡಿದ ಮರುಕ್ಷಣ, "ಸೀಕ್ರ ಬಾ, ಜನ್ನಲ್ ಸಾತು, ಮಳೆ ಬರ್ತಿದೆ" ಎಂದು ನನ್ನನ್ನು ಕೂಗುತ್ತಾರೆ. ಬೇಗ, ಕಿಟಕಿ, ಮುಚ್ಚು, ಮೂರೂ ತಮಿಳು. ಉಳಿದದ್ದು ಕನ್ನಡ, ಅದರಲ್ಲೂ ಮಳೆಯನ್ನು ತಮಿಳರೂ ಮಳೆ ಅನ್ನುವುದರಿಂದ ಅನುಮಾನ.

ಮೈಸೂರಿನಿಂದ ನಮ್ಮ ಸಂಬಂಧಿಕರ ಸೊಸೆ ಎರಡು ದಿನಕ್ಕೆ ಬಂದಿದ್ದಳು. ನಮ್ಮ ಮಾತು ಕೇಳಿ ನಕ್ಕು ನಕ್ಕು ಸಾಕಾಯಿತು ಅವಳಿಗೆ. ಊಟದ ಹೊತ್ತಿಗೆ ತಡೆಯಲಾರದೆ ಹೇಳಿಯೇಬಿಟ್ಟಳು.

"ಆಂಟಿ, ಡೋಂಟ್ ಮೈಂಡ್, ನಿಮ್ಮ ಲ್ಯಾಂಗ್ವೇಜ್ ಟೋಟಲಿ ಮಿಕ್ಸ್ ಆಗ್ಬಿಟ್ಟಿದೆ. ಆಕ್ಚುವಲಿ ನಮ್ಮ ಸೈಡ್ ಎಲ್ರೂ ಪ್ಯೂರ್ ಆಗೇ ಸ್ಪೀಕ್ ಮಾಡೋದು. ಕಿಡ್ಸ್‌ಗೆ ಸ್ಮಾಲ್ ಏಜಲ್ಲೇ ಕರೆಕ್ಟ್ ಆಗಿ ಟೀಚ್ ಮಾಡ್ಬೇಕು."

ನಮ್ಮ ಮನೆಯವರು ನಾಚಿಕೆಯಿಂದ ತಲೆ ತಗ್ಗಿಸಿದರು. ನಾನು ಸಾರು ಬಡಿಸಿದೆ. ಮೊಮ್ಮಗಳು ಮಾತ್ರ ಆ ಹೆಂಗಸನ್ನೇ ಬಹಳ ಕರುಣೆಯಿಂದ ನೋಡುತ್ತಿದ್ದವಳು ನನ್ನ ಕಡೆ ಬಗ್ಗಿ ಕೇಳಿದಳು.

"ಪಾಟ್ಟಿ, ಅವಂಗಳುಕ್ಕು ಕನ್ನಡಂ ತೆರಿಯಾದಾ?"

ಅಜ್ಜಿ, ಅವರಿಗೆ ಕನ್ನಡ ಬರೋದಿಲ್ವಾ ಅಂತ.

ಎರಡು ಮನೆಯ ಆಚಾರ್ಯರು

ನಮ್ಮ ಪುರೋಹಿತರಿಗೆ ಮಾಂಬಲಂನಲ್ಲಿ ಬಹಳ ಬೇಡಿಕೆ. ಸ್ಕೂಟರಿನಲ್ಲಿ ಓಡಾಡಿ ಒಂದೇ ಬೆಳಗಿನಲ್ಲಿ ಮೂರು ಮನೆ ಮುಗಿಸುವವರು. ಮೊಬೈಲ್ ಬಂದ ಮೇಲೆ ಸ್ಕೂಟರಿನ ಅಗತ್ಯವೂ ಕಡಿಮೆಯಾಯಿತು.

ಅವತ್ತು ನಮ್ಮ ಅತ್ತೆಯವರ ಶ್ರಾದ್ಧ. ಅದೇ ದಿನ ತಿರುವೊಟ್ಟಿಯೂರಿನಲ್ಲಿ ಯಾರೋ ಕನ್ನಡದವರ ಹೊಸ ಫ್ಲಾಟಿನ ಗೃಹಪ್ರವೇಶ. ಅದು ಊರಿನ ಆ ತುದಿ. ಬಿಡುವುದಕ್ಕೂ ಮನಸ್ಸಿಲ್ಲ, ಹೋಗುವುದಕ್ಕೂ ಆಗುವುದಿಲ್ಲ. ಆಚಾರ್ಯರು ಅಲ್ಲಿಗೆ ತಮ್ಮ ಭಾವಮೈದನನ್ನು ಕಳಿಸಿದ್ದರು. ಭಾವಮೈದ ಬ್ಯಾಂಕಿನಿಂದ ನಿವೃತ್ತರಾಗಿ ಹೊಸದಾಗಿ ಪೌರೋಹಿತ್ಯಕ್ಕೆ ಇಳಿದವರು. ಪುಸ್ತಕ ನೋಡಿ ಮಂತ್ರ ಓದುತ್ತಿದ್ದರು. ಆದರೆ ಯಾವಾಗ ಏನು ಮಾಡಿಸಬೇಕು ಅಂತ ಮೇಲಿನವರನ್ನು ಕೇಳದೆ ಮಾಡಿ ಅಭ್ಯಾಸವಿರಲಿಲ್ಲ.

ನಮ್ಮ ಮನೆಯವರಿಗೆ ಆ ಹೊತ್ತಿಗೆ ಕಿವಿ ಮಂದವಾಗಿತ್ತು. ತಾಯಿಯೆಂದರೆ ಪ್ರಾಣ ಅವರಿಗೆ. ಶ್ರಾದ್ಧಕ್ಕೆ ಕೂತರೆ ಕಣ್ಣು ಮುಚ್ಚಿಬಿಡುತ್ತಾರೆ, ಆಚಾರ್ಯರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾರೆ. ನಾನು ಮಡಿಯಲ್ಲಿ ಅಡಿಗೆಮನೆಯಲ್ಲಿದ್ದೆ. ಒಲೆಯ ಮೇಲೆ ಪಾಯಸದ ಹಾಲು.

ಆಚಾರ್ಯರ ಮೊಬೈಲ್ ರಿಂಗಾಯಿತು. ಎತ್ತಿಕೊಂಡರು. ನಾನಿದ್ದ ಕಡೆಗೆ ಮಾತು ಮಾತ್ರ ಕೇಳುತ್ತಿತ್ತು.

"ಹ್ಞಾಂ, ಈಗ ಯಜಮಾನರು ಎದ್ದು ಬಲಗಾಲಿಟ್ಟು ಒಳಗೆ ಹೋಗಲಿ" ಅಂದರು.

ನಮ್ಮ ಮನೆಯವರು ಕಣ್ಣು ಅರ್ಧ ಮುಚ್ಚಿಕೊಂಡೇ ಎದ್ದು, ಬಲಗಾಲಿಟ್ಟು ಅಡಿಗೆಮನೆಯೊಳಗೆ ಬಂದು ನನ್ನ ಪಕ್ಕ ನಿಂತರು.

"ಏನು ಬೇಕು?" ಅಂದೆ.

"ಗೊತ್ತಿಲ್ಲ. ಆಚಾರ್ಯರು ಹೋಗು ಅಂದರು."

"ಹಾಲು ಉಕ್ಕಿಸಲಿ" ಅಂತ ಹೊರಗಿನಿಂದ ದನಿ ಬಂತು. "ಇಳಿಸಬಾರದು, ಪೂರ್ತಿ ಉಕ್ಕಲಿ, ಪೂರ್ವಕ್ಕೆ ಉಕ್ಕಿದರೆ ಬಹಳ ಒಳ್ಳೇದು."

ಅತ್ತೆಯವರ ಶ್ರಾದ್ಧಕ್ಕೆ ಇದುವರೆಗೂ ಹಾಲು ಉಕ್ಕಿಸಿದ್ದಿಲ್ಲ. ಆದರೆ ಬದುಕಿದ್ದಾಗಲೂ ಅವರಿಗೆ ವರ್ಷಕ್ಕೊಂದು ಹೊಸ ನಿಯಮ ಹೊಳೆಯುತ್ತಿತ್ತು, ಹಾಗಾಗಿ ನಾನು ಪ್ರಶ್ನಿಸಲಿಲ್ಲ. ಗಂಡ ಹೆಂಡತಿ ಇಬ್ಬರೂ ನಿಂತು ಎರಡು ಲೀಟರ್ ಹಾಲು ಒಲೆಯ ಮೇಲೆ ಹರಿದುಹೋಗುವುದನ್ನು ಭಕ್ತಿಯಿಂದ ನೋಡಿದೆವು. ಆಚಾರ್ಯರು ಇಣುಕಿ, "ಏನಮ್ಮಾ ಇದು, ಹಾಲೆಲ್ಲ ಚೆಲ್ಲಿದ್ದೀರಿ?" ಎಂದು ನಮ್ಮನ್ನೇ ಗದರಿದಾಗ ವಿಷಯ ತಿಳಿಯಿತು.

ಆಮೇಲೆ ಅವರು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಕಡೆ ಗಮನ ಕೊಟ್ಟರು. ಕೊಟ್ಟರು ಸರಿ, ಆ ಕರೆಯನ್ನು ಕಟ್ ಮಾಡುವುದು ಮರೆತಿದ್ದರು.

"ಜನಿವಾರ ಎಡಕ್ಕೆ ಹಾಕಿಕೊಳ್ಳಿ. ದಕ್ಷಿಣಕ್ಕೆ ತಿರುಗಿ. ತಾಯಿಯವರ ಹೆಸರು ಹೇಳಿ, ಮೂರು ಸಲ ಎಳ್ಳುನೀರು ಬಿಡಿ. ಇನ್ನು ಪಿಂಡಕ್ಕೆ ನಮಸ್ಕಾರ ಮಾಡಿ."

ನಮ್ಮ ಮನೆಯವರು ಕಣ್ಣೀರು ಒರೆಸಿಕೊಂಡು ನಮಸ್ಕಾರ ಮಾಡುತ್ತಿದ್ದಾಗ ಆಚಾರ್ಯರ ಸೊಂಟದಿಂದ ಗಲಾಟೆ ಕೇಳಿಸಿತು. ಅವರು ಗಡಿಬಿಡಿಯಿಂದ ಫೋನ್ ಎಳೆದು ಯಾವ ಗುಂಡಿ ಒತ್ತಿದರೋ, ಸ್ಪೀಕರ್ ಹತ್ತಿಕೊಂಡು ಇಡೀ ಮನೆಗೆ ಕೇಳಿಸಿತು. ಭಾವಮೈದನ ದನಿ.

"ಭಾವ, ನೀವು ಹೇಳಿದ ಹಾಗೇ ಜನಿವಾರ ಎಡಕ್ಕೆ ಹಾಕಿಸಿದೆ. ಎಳ್ಳು ತಂದಿರಲಿಲ್ಲ, ನವಧಾನ್ಯದಿಂದ ಆರಿಸಿಕೊಂಡ್ವಿ. ತಾಯಿಯವರ ಹೆಸರು ಹೇಳಿಸಿ ಮೂರು ಸಲ ನೀರೂ ಬಿಡಿಸಿದೆ. ಪಿಂಡ ಎಲ್ಲಿದೆ ಅಂತ ಕೇಳ್ತಿದಾರೆ. ಇನ್ನೊಂದು ತೊಂದರೆ ಇದೆ. ಅವರ ತಾಯಿ ಇಲ್ಲೇ ಎದುರಿಗೆ ಕುರ್ಚಿಯ ಮೇಲೆ ಕೂತಿದ್ದಾರೆ."

ಊಟಕ್ಕೆ ಕಾದಿದ್ದ ಇಬ್ಬರು ಬ್ರಾಹ್ಮಣರೂ ಫೋನಿನ ಕಡೆ ಕತ್ತು ಚಾಚಿದರು. ಆಚಾರ್ಯರು ಬೆವರು ಒರೆಸಿಕೊಂಡು, "ಏನೂ ದೋಷ ಇಲ್ಲ. ಆ ತಾಯಿಗೆ ಆಯುಸ್ಸು ಹೆಚ್ಚುತ್ತೆ ಅಂತ ಹೇಳು" ಅಂದರು.

ಆ ಕಡೆ ಸ್ವಲ್ಪ ಸದ್ದಾಯಿತು. ಫೋನ್ ಕೈ ಬದಲಾಯಿತು. ಆಮೇಲೆ ಒಬ್ಬ ಮುದುಕಿಯ ದನಿ, ತುಂಬಾ ಸಮಾಧಾನದ ದನಿ, ಬಂತು.

"ಆಚಾರ್ಯರೇ, ಆಯುಸ್ಸಿನ ಮಾತು ಆಮೇಲೆ ನೋಡೋಣ. ನನಗೆ ಹಸಿವಾಗ್ತಿದೆ. ನಾನೀಗ ಎಲ್ಲರ ಜೊತೆ ಎಲೆ ಮುಂದೆ ಕೂತುಕೊಳ್ಳಲೋ, ಇಲ್ಲ ಹೊರಗೆ ಹೋಗಿ ಕಾಗೆಗಳ ಸಾಲಿನಲ್ಲಿ ಕಾಯಬೇಕೋ, ಅದೊಂದು ಹೇಳಿಬಿಡಿ."